ತಟ್ಟದೆ ಬರೆದ ಸಾಲು

ಜೂನ್ 9

ಅಪ್ಪ,

ನಾನು ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ನೀನು ಕಟ್ ಮಾಡಿದೆ. ನಾಲ್ಕನೇ ಸಲ ಸ್ವಿಚ್ ಆಫ್. ಸರಿ, ಬರೆಯುತ್ತೇನೆ. ಇದನ್ನು ಹರಿದು ಬಿಸಾಕಿದರೆ ಇನ್ನೊಂದು ಬರೆಯುತ್ತೇನೆ, ನನ್ನ ಆಫೀಸಿನಲ್ಲಿ ಕಾಗದಕ್ಕೇನೂ ಬರವಿಲ್ಲ.

ನೀನಿರುವ ಬಿಲ್ಡಿಂಗಿನ ಎರಡನೇ ಮಹಡಿಯ ಬಾಲ್ಕನಿ ಎರಡನೇ ತಾರೀಕು ಬೆಳಗ್ಗೆ ಕಿತ್ತುಕೊಂಡು ಬಿತ್ತು. ಬಟ್ಟೆ ಒಣಹಾಕುತ್ತಿದ್ದ ನರ್ಸ್ ಅದರ ಜೊತೆಗೇ ಬಿದ್ದಳು. ಸೊಂಟದ ಮೂಳೆ ಮುರಿದಿದೆ. ಇಷ್ಟು ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಅಲ್ಲೇ ಮೆಟ್ಟಿಲ ಕೆಳಗಿನ ರೂಮಿನಲ್ಲಿ ಮಲಗುವವನು ನೀನು. ನಿನಗೆ ಗೊತ್ತಿಲ್ಲದ್ದು ಬೇರೆ. ಎಂಟು ತಿಂಗಳ ಹಿಂದೆ ಆ ನರ್ಸ್ ಬಾಡಿಗೆಗೆ ಬಂದಾಗ ಮನೆಯ ಸ್ಥಿತಿಪತ್ರ ಬರೆದವಳು ನಾನು. ಯಾವ ಗೋಡೆಯಲ್ಲಿ ಎಷ್ಟುದ್ದದ ಬಿರುಕಿದೆ, ಯಾವ ನಲ್ಲಿ ತೊಟ್ಟಿಕ್ಕುತ್ತದೆ, ಯಾವ ಬಾಗಿಲು ನೆಲಕ್ಕೆ ಉಜ್ಜುತ್ತದೆ ಅಂತ ಬರೆದು, ಮಾಲೀಕನ ಕೈಯಲ್ಲೂ ಬಾಡಿಗೆಯವರ ಕೈಯಲ್ಲೂ ಸಹಿ ಹಾಕಿಸಿ, ಕೊನೆಗೆ ನನ್ನ ಸಹಿ ಹಾಕುವುದು ನನ್ನ ಕೆಲಸ. ಅದರ ಐದನೇ ಪುಟದಲ್ಲಿ ಹೀಗಿದೆ: “ಬಾಲ್ಕನಿ: ಹೊಸ ಬಣ್ಣ. ಬಿರುಕಿಲ್ಲ. ತಟ್ಟಿ ನೋಡಲಾಗಿದೆ. ಗಟ್ಟಿ.”

ಬಿದ್ದ ರಾಶಿಯಲ್ಲಿ ಕೈಯಾಡಿಸಿ ನೋಡಿ ಬಂದೆ. ಸ್ಲ್ಯಾಬ್ ಗೋಡೆಗೆ ಸೇರುವ ಕಡೆ ಹಳೇ ಬಿರುಕು, ಅದರ ತುಂಬ ಹೊಸ ಸಿಮೆಂಟು, ಅದರ ಮೇಲೆ ನುಣುಪು ಮಾಡುವ ಪುಟ್ಟಿ, ಅದರ ಮೇಲೆ ಕೆನೆ ಬಣ್ಣ. ಯಾರ ಕೈ ಅಂತ ನಾನು ಯಾರನ್ನೂ ಕೇಳಬೇಕಾಗಿಲ್ಲ.

ಜುಲೈ 15ಕ್ಕೆ ಆಫೀಸಿನಲ್ಲಿ ನನ್ನ ವಿಚಾರಣೆ ಇದೆ. ಬಿರುಕನ್ನು ಯಾರೋ ಬೇಕಂತಲೇ ಮುಚ್ಚಿದ್ದರು ಅಂತ ತೋರಿಸದಿದ್ದರೆ, ನೋಡದೆ ಬರೆದ ಸುಳ್ಳುಗಾತಿ ಅಂತ ನನ್ನನ್ನು ತೆಗೆಯುತ್ತಾರೆ. ಆಮೇಲೆ ನನ್ನ ಸಹಿಯನ್ನು ಈ ಕಸುಬಿನಲ್ಲಿ ಯಾರೂ ಮುಟ್ಟುವುದಿಲ್ಲ. ನನಗೆ ಬೇಕಾಗಿರುವುದು ನಿನ್ನ ಕೈಬರಹದಲ್ಲಿ ಒಂದೇ ಒಂದು ಪುಟ: ಒಳಗೆ ಏನಿತ್ತು, ಮುಚ್ಚು ಅಂತ ಯಾರು ಹೇಳಿದರು, ಆ ಬಿಲ್ಡಿಂಗಿನಲ್ಲಿ ಇನ್ನು ಯಾವ ಬಾಲ್ಕನಿಗೆ ಹೀಗೇ ಮಾಡಿದ್ದೀಯ.

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ಇದ್ದದ್ದು ಇದ್ದ ಹಾಗೆ ಬರಿ.

ನಿನ್ನ ಮಗಳು


ಜೂನ್ 14

ಇನ್‌ಸ್ಪೆಕ್ಟರಮ್ಮನವರ ಸನ್ನಿಧಾನಕ್ಕೆ,

ತಮ್ಮ ಕಾಗದ ತಲುಪಿತು. ನಾಲ್ಕು ವರ್ಷ ಆದಮೇಲೆ ಅಪ್ಪ ಅನ್ನೋನೊಬ್ಬ ಇದ್ದಾನೆ ಅಂತ ಜ್ಞಾಪಕ ಬಂತಲ್ಲ, ದೊಡ್ಡ ಮನಸ್ಸು ತಮ್ಮದು. ಹೇಗಿದ್ದೀಯ, ಮಂಡಿ ನೋವು ಹೇಗಿದೆ ಅಂತ ಒಂದು ಸಾಲು ಇಲ್ಲ. ನೇರ ಕುತ್ತಿಗೆಗೇ ಕೈ.

ನನಗೇನೂ ಗೊತ್ತಿಲ್ಲ. ನಾನು ಬಣ್ಣದ ಮೇಸ್ತ್ರಿ, ಬಣ್ಣ ಹೊಡಿ ಅಂದರು, ಹೊಡೆದೆ. ಗೋಡೆ ಅಂದಮೇಲೆ ಬಿರುಕು ಇರುತ್ತೆ, ಬಿರುಕು ಅಂದಮೇಲೆ ಮೇಸ್ತ್ರಿ ಮುಚ್ಚುತ್ತಾನೆ. ಬಿಟ್ಟು ಬಣ್ಣ ಹೊಡೆದರೆ ಅವನನ್ನ ಮೇಸ್ತ್ರಿ ಅಂತಾರಾ? ಕಂಡಿದ್ದನ್ನ ಬರೆಯೋಳು ನೀನು, ಕಾಣದ ಹಾಗೆ ಮಾಡೋನು ನಾನು. ಅವರವರ ಕೆಲಸ ಅವರವರು ಮಾಡಿದ್ದೀವಿ. ನಿನ್ನ ಕೆಲಸ ಕೆಟ್ಟರೆ ನನ್ನ ಕೊರಳಿಗೆ ಯಾಕೆ ಕಟ್ಟುತ್ತೀಯ?

ಮೂಲೆ ಮನೆ ವಿಷಯ ಮರೆತಿಲ್ಲ ನಾನು. ಮಾರೋಕೆ ಇಟ್ಟಿದ್ದ ಮನೆ, ಹತ್ತು ದಿನ ಕೂತು ತಿದ್ದಿದ್ದೆ. ನೀನು ಬಂದು ಟಕಟಕ ಅಂತ ತಟ್ಟಿ “ಉತ್ತರದ ಗೋಡೆ: ಹೊಸ ಬಣ್ಣದ ಕೆಳಗೆ ತೇವ, ಸದ್ದು ಟೊಳ್ಳು” ಅಂತ ಬರೆದೆ. ಅದು ನನ್ನ ಗೋಡೆ ಅಂತ ನಿನಗೆ ಗೊತ್ತಿತ್ತು. ವ್ಯಾಪಾರ ಮುರೀತು. ಆ ಮಾಲೀಕ ಊರಿಗೆಲ್ಲ ಸಾರಿದ. ಒಂದು ವರ್ಷ ನನ್ನ ಬ್ರಶ್ಶು ಒಣಗಿ ಕಡ್ಡಿ ಆಯ್ತು. ಹೆತ್ತ ಅಪ್ಪನ ಅನ್ನಕ್ಕೆ ಕಲ್ಲು ಹಾಕಿದವಳು ಇವತ್ತು ಬಂದು ನನ್ನ ಅನ್ನ ಉಳಿಸು ಅಂತಾಳೆ.

ಆಗ ನನ್ನನ್ನ ಕರೆದು ಮೆಟ್ಟಿಲ ಕೆಳಗೆ ಒಂದು ರೂಮು ಕೊಟ್ಟವರು ಈ ಬಿಲ್ಡಿಂಗ್ ಮಾಲೀಕರು. ನೀನು ಕೊಡಲಿಲ್ಲ. ಅವರ ಮೇಲೆ ಬರೆದುಕೊಡು ಅಂತ ಹೇಳೋಕೆ ನಿನಗೆ ಬಾಯಾದರೂ ಹೇಗೆ ಬಂತು?

ಆ ನರ್ಸನ್ನ ಎತ್ತಿ ಗಾಡಿಗೆ ಹಾಕಿದವರಲ್ಲಿ ನಾನೂ ಒಬ್ಬ. ಅದನ್ನೂ ಬರೆದುಕೋ ನಿನ್ನ ಸ್ಥಿತಿಪತ್ರದಲ್ಲಿ.

ಇತಿ, ಒಬ್ಬ ಬಣ್ಣದವನು


ಜೂನ್ 17

ಅಪ್ಪ,

ಮಂಡಿ ನೋವು ಹೇಗಿದೆ? ಕೇಳಿದ್ದಾಯ್ತು. ಈಗ ವಿಷಯಕ್ಕೆ ಬಾ.

ಮೂಲೆ ಮನೆ ನಿನ್ನದೇ ಕೆಲಸ ಅಂತ ನನಗೆ ಗೊತ್ತಿತ್ತು, ನಿಜ. ಗೊತ್ತಿದ್ದೇ ಬರೆದೆ. ಗೋಡೆಯೊಳಗೆ ನೀರಿತ್ತು, ಅಪ್ಪ. ಆ ಗೋಡೆಗೆ ತೊಟ್ಟಿಲು ತಾಗಿಸಿ ಇಡುವವರು ಆ ಮನೆ ಕೊಳ್ಳಲು ಬಂದಿದ್ದರು. ನನ್ನ ಜಾಗದಲ್ಲಿ ಬೇರೆ ಯಾರಿದ್ದರೂ ಬರೆಯುತ್ತಿದ್ದರು. ನಾನು ಬರೆದದ್ದಕ್ಕೆ ನೀನು ಹತ್ತು ಜನರೆದುರು “ನನ್ನ ಹೊಸಿಲು ತುಳೀಬೇಡ” ಅಂದೆ. ತುಳಿದಿಲ್ಲ. ಲೆಕ್ಕ ಅಲ್ಲಿಗೆ ಮುಗಿಯಿತು. ಈಗಿನ ಮಾತು ಬೇರೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಆಕೆ ತಾನು ಡ್ಯೂಟಿ ಮಾಡುವ ವಾರ್ಡಿನಲ್ಲೇ ಮಲಗಿದ್ದಾಳೆ. ಜೊತೆಯವರು ಬಂದು ದಿಂಬು ಸರಿ ಮಾಡಿ ಹೋಗುತ್ತಾರೆ. ನಾನು ಯಾರು ಅಂತ ಹೇಳಿದೆ. ಆ ಮನೆಗೆ ಬಂದ ದಿನ ಬಾಲ್ಕನಿ ಅಂಚಿಗೆ ಹೋಗಲು ಅವಳಿಗೆ ಹೆದರಿಕೆ ಇತ್ತಂತೆ, ಎತ್ತರ ಅಂದರೆ ಆಗುವುದಿಲ್ಲವಂತೆ. ನಾನು ಬರೆದ ಸ್ಥಿತಿಪತ್ರ ತೆಗೆದು ಓದಿ, ಗಟ್ಟಿ ಅಂತ ಬರೆದಿದೆಯಲ್ಲ ಅಂತ ಧೈರ್ಯ ಮಾಡಿ ಅಲ್ಲಿ ಬಟ್ಟೆ ಒಣಹಾಕಲು ಹಗ್ಗ ಕಟ್ಟಿಕೊಂಡಳಂತೆ.

“ನೀವು ಅದನ್ನ ತಟ್ಟಿ ನೋಡಿದ್ರಾ?” ಅಂತ ಕೇಳಿದಳು.

ನೋಡಿದ್ದೆ ಅಂದೆ.

ನಿನ್ನ ಸಿಮೆಂಟಿನ ಒಂದು ತುಂಡು ಈಗ ನನ್ನ ಮೇಜಿನ ಮೇಲಿದೆ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ನಿನಗೇನೂ ಗೊತ್ತಿಲ್ಲ ಅಂತ ಇನ್ನೊಂದು ಸಲ ಬರೆಯಬೇಡ. ಮೂರನೇ ಮಹಡಿಯಲ್ಲಿ ಕೈಗೂಸಿನ ತಾಯಿ ಇದ್ದಾಳೆ. ನಾಲ್ಕನೆಯದರಲ್ಲಿ ಟೈಲರ್ ಹೆಂಗಸು ಮಗು ಇಟ್ಟುಕೊಂಡು ಒಬ್ಬಳೇ ಇದ್ದಾಳೆ. ಅವರ ಬಾಲ್ಕನಿಗೂ ನೀನೇ ಬಣ್ಣ ಹೊಡೆದದ್ದು. ಅಲ್ಲೂ ಮುಚ್ಚಿದ್ದೀಯಾ, ಇಲ್ಲವಾ? ಹೌದು ಅಥವಾ ಇಲ್ಲ, ಒಂದು ಪದ ಬರಿ.

ಮಗಳು


ಜೂನ್ 25

ಇನ್‌ಸ್ಪೆಕ್ಟರಮ್ಮ,

ಒಂದು ಪದ ಕೇಳ್ತೀಯ. ನಾನೂ ಒಂದು ಪದ ಕೇಳ್ತೀನಿ. ತಟ್ಟಿದೆಯಾ?

ಬಾಗಿಲ ಎಡಕ್ಕೆ ಶುರು ಮಾಡಿ, ಮೇಲೆ, ಗೋಡೆ, ನೆಲ ಅಂತ ಒಂದು ಸುತ್ತು ಬಂದು, ಗೇಣಿಗೊಂದು ಸಲ ಬೆರಳ ಗಿಣ್ಣಿಂದ ತಟ್ಟೋಳಲ್ವಾ ನೀನು? ಆ ತಟ್ಟೋದನ್ನ ನಿನಗೆ ಕಲಿಸಿದವನೇ ನಾನು, ಏಳು ವರ್ಷದವಳಿದ್ದಾಗ. ಗೋಡೆ ಮಾತಾಡುತ್ತೆ ಅಂತ ಹೇಳಿದರೆ ಕಿವಿ ಇಟ್ಟು ಕೂತಿರ್ತಿದ್ದೆ. ಅಂಥ ಕಿವಿಗೆ ಎರಡನೇ ಮಹಡಿ ಏನು ಹೇಳಿತು? ನಿನ್ನ ಬೆರಳು ಹೇಳಬೇಕಾದ್ದನ್ನ ನನ್ನ ಬಾಯಿಂದ ಯಾಕೆ ಹೇಳಿಸ್ತೀಯ? ಮೊದಲು ಅದಕ್ಕೆ ಉತ್ತರ ಬರಿ. ಆಮೇಲೆ ನನ್ನ ಹತ್ತಿರ ಬಾ.

ಮಾಲೀಕರು ಬಂದಿದ್ದರು. ಚಪ್ಪಲಿ ಬಿಡದೆ ನನ್ನ ರೂಮಿನ ಒಳಗೆ ಬಂದು ಏಣಿ ಮೇಲೆ ಕಾಲಿಟ್ಟುಕೊಂಡು ಮಾತಾಡಿದರು. ಬಾಯಿಗೆ ಬೀಗ ಇದ್ದರೆ ರೂಮಿಗೆ ಬೀಗ ಇರಲ್ಲ ಅಂದರು. ಅರವತ್ತಾರು ವರ್ಷಕ್ಕೆ ಈ ಏಣಿ, ಈ ಡಬ್ಬ ಎಲ್ಲ ಹೊತ್ತುಕೊಂಡು ಎಲ್ಲಿಗೆ ಹೋಗಲಿ? ನಿನ್ನ ಮನೆಗಾ? ಕರೆದೂ ಇಲ್ಲ ನೀನು, ಕರೆದರೆ ಬರೋನೂ ಅಲ್ಲ ನಾನು.

ಮೂರು ನಾಲ್ಕರವರಿಗೆ ಹೊರಗೆ ನಿಲ್ಲಬೇಡಿ ಅಂತ ಬಾಯಲ್ಲಿ ಹೇಳಿದ್ದೀನಿ. ಯಾಕೆ ಅಂತ ಕೇಳಿದರು. ಇನ್ನೊಂದು ಕೋಟು ಬಣ್ಣ ಹೊಡೀಬೇಕು ಅಂದೆ. ಟೈಲರಮ್ಮ ನಕ್ಕು, ಹೊಡೆಯೋ ದಿನ ಹೇಳಿ ಮೇಸ್ತ್ರಿ, ಅಲ್ಲೀವರೆಗೆ ಬಟ್ಟೆ ಎಲ್ಲಿ ಒಣಹಾಕಲಿ ಅಂದಳು. ಇನ್ನೇನು ಮಾಡಲಿ ನಾನು?

ಇನ್ನು ಬರೆಯಬೇಡ.

ಬಣ್ಣದವನು


ಜುಲೈ 2

ಅಪ್ಪ,

ತಟ್ಟಲಿಲ್ಲ.

ಒಂದು ವಾರ ನಿನ್ನ ಕಾಗದ ಇಟ್ಟುಕೊಂಡು ಕೂತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ. ಆಫೀಸಿನಲ್ಲಿ ತಟ್ಟಿದೆ ಅಂತಲೇ ಬರೆದುಕೊಟ್ಟಿದ್ದೇನೆ. ಹಾಸಿಗೆಯ ಮೇಲೆ ಅಲುಗಾಡಲಾಗದೆ ಮಲಗಿದ್ದವಳ ಮುಖ ನೋಡಿಕೊಂಡು ಸುಳ್ಳು ಹೇಳಿದ್ದೇನೆ. ಸುಳ್ಳು ಹಿಡಿದವನು ನೀನಾದ್ದರಿಂದ ಮೊದಲು ನಿನಗೇ ಹೇಳುತ್ತೇನೆ, ಕುಣಿದಾಡು.

ಅವತ್ತು ಹಾಲ್, ಅಡುಗೆಮನೆ, ಮಲಗುವ ಕೋಣೆ ಎಲ್ಲ ತಟ್ಟಿ ಮುಗಿಸಿ ಬಾಲ್ಕನಿಗೆ ಬಂದೆ. ಹೊಸಿಲ ಮೇಲೆ ನಿಂತಾಗಲೇ ಗೊತ್ತಾಯಿತು. ಮಳೆನೀರಿನ ಪೈಪಿನ ಹಿಂದೆ ಕೂಡ ಬಣ್ಣ ಹೊಡೆದಿತ್ತು. ಯಾರಿಗೂ ಕಾಣದ ಜಾಗ, ಕೈ ತೂರುವುದಿಲ್ಲ, ಬ್ರಶ್ಶಿನ ಹಿಡಿ ಕತ್ತರಿಸಿಕೊಂಡು ಹೊಡೆಯಬೇಕು. ಆ ಊರಿನಲ್ಲಿ ಹಾಗೆ ಹೊಡೆಯುವವನು ಒಬ್ಬನೇ. ನೀನು ಬದುಕಿದ್ದೀಯ, ಕೆಲಸ ಸಿಕ್ಕಿದೆ, ಕೈ ನಡುಗುತ್ತಿಲ್ಲ. ಮೂರೂ ನನಗೆ ಆ ಪೈಪಿನ ಹಿಂದೆ ಗೊತ್ತಾಯಿತು.

ತಟ್ಟಲು ಕೈ ಎತ್ತಿದೆ. ತಟ್ಟಿದರೆ ಏನಾದರೂ ಸಿಕ್ಕೀತು, ಸಿಕ್ಕಿದರೆ ಬರೆಯದೆ ಇರಲಾರೆ, ಬರೆದರೆ ಮತ್ತೆ ನಿನ್ನ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಕೈ ಇಳಿಸಿದೆ. ಗಟ್ಟಿ ಅಂತ ಬರೆದು ಮೆಟ್ಟಿಲಿಳಿದು ಹೋದೆ. ಮೆಟ್ಟಿಲ ಕೆಳಗಿನ ರೂಮಿನ ಬಾಗಿಲು ಅರ್ಧ ತೆರೆದಿತ್ತು, ಒಳಗೆ ನಿನ್ನ ಏಣಿ ಕಾಣಿಸಿತು, ನಿಲ್ಲಲಿಲ್ಲ.

ಇದನ್ನು ನಿನಗೆ ಮಾಡಿದ ಉಪಕಾರ ಅಂತ ತಿಳಿದುಕೊಳ್ಳಬೇಡ. ನಿನ್ನ ಮೇಲೆ ನನಗಿರುವ ಸಿಟ್ಟು ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ಕೆಲಸದಲ್ಲಿ ಅಪ್ಪ ಮಗಳು ಅಂತ ನೋಡಿದೆ, ಅದಕ್ಕೆ ಒಬ್ಬಳ ಸೊಂಟ ಮುರಿಯಿತು.

ನನ್ನ ಕೆಲಸದ ಮಾತು ಬಿಡು. ನನಗಾಗಿ ಏನೂ ಬರೆಯಬೇಡ. ಮೂರು ಮತ್ತು ನಾಲ್ಕು, ಅಷ್ಟು ಬರಿ. ಬಾಯಲ್ಲಿ ಹೇಳಿದರೆ ಯಾರೂ ನಿಲ್ಲುವುದು ಬಿಡುವುದಿಲ್ಲ, ಅದು ನಿನಗೇ ಗೊತ್ತಾಗಿದೆಯಲ್ಲ.

ಮಗಳು


ಜುಲೈ 7

ಹುಚ್ಚಿ,

ಓದಿದೆ. ಎರಡು ಸಲ ಓದಿದೆ. ಬಯ್ಯೋಕೆ ಅಂತ ಪೆನ್ನು ಹಿಡಿದರೆ ಯಾವ ಬೈಗುಳವೂ ಸಾಲಲ್ಲ, ನಿನಗೂ ಸಾಲಲ್ಲ, ನನಗೂ ಸಾಲಲ್ಲ.

ನನಗೆ ಗೊತ್ತಿಲ್ಲದ್ದು ಒಂದಿದೆ ಅಂತ ನೀನು ಬರೆದಿದ್ದೆ ಮೊದಲನೇ ಕಾಗದದಲ್ಲಿ. ನನಗೆ ಗೊತ್ತಿತ್ತು. ಬಣ್ಣ ಶುರು ಮಾಡೋ ಮುಂಚೆನೇ ಮಾಲೀಕರು ಹೇಳಿದ್ದರು, ನೋಡೋಕೆ ಬರೋಳು ನಿನ್ನ ಮಗಳೇ ಕಣಯ್ಯಾ, ಅವಳ ಬೆರಳಿಗೆ ಸಿಗದ ಹಾಗೆ ಮಾಡ್ತೀಯಾ ಅಂತ. ಹಾಗೆ ಕೇಳಿದರೆ ನಾನು ಸುಮ್ಮನಿರ್ತೀನಾ? ಒಂದು ದಿನದ ಕೆಲಸಕ್ಕೆ ಮೂರು ದಿನ ಕೂತೆ. ಬಿರುಕನ್ನ ಒಳಗಿನವರೆಗೂ ಕೆರೆದು, ಒದ್ದೆ ಮಾಡಿ, ಗಟ್ಟಿ ಸಿಮೆಂಟು ತುರುಕಿ ತುರುಕಿ ತುಂಬಿದೆ. ಒಣಗಿದ ಮೇಲೆ ನಾನೇ ಗೇಣಿಗೊಂದು ಸಲ ತಟ್ಟಿದೆ. ಎಲ್ಲಿ ಟೊಳ್ಳು ಕೇಳಿಸಿತೋ ಅಲ್ಲಿ ಒಡೆದು ಮತ್ತೆ ತುಂಬಿದೆ. ಕೊನೆಗೆ ಬಂಡೆ ತರ ಸದ್ದು ಬಂತು. ಒಳಗಿನ ಕಂಬಿ ತುಕ್ಕು ಹಿಡಿದು ಬೆರಳಿಗೆ ಪುಡಿ ಹತ್ತುತ್ತಿತ್ತು, ಅದನ್ನ ನೋಡಿದೆ. ನೋಡಿಯೂ ಮುಚ್ಚಿದೆ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಇನ್ನೊಂದು ಕೆಲಸ ಮಾಡಿಲ್ಲ.

ನೀನು ಬಂದ ದಿನ ಬಾಗಿಲು ಅರ್ಧ ತೆರೆದಿಟ್ಟು ಕೂತಿದ್ದೆ, ತಟ್ಟೋ ಸದ್ದು ಕೇಳೋಕೆ. ಬಾಲ್ಕನಿ ಕಡೆಯಿಂದ ಕೇಳಿಸಲೇ ಇಲ್ಲ. ನೋಡಿಯೇ ಮೋಸ ಹೋದಳು, ತಟ್ಟೋವರೆಗೂ ಬರಲಿಲ್ಲ ಅಂತ ನಕ್ಕೆ. ನನ್ನ ಕೆಲಸ ನನ್ನ ಮಗಳಿಗೂ ಸಿಗಲಿಲ್ಲ ಅಂತಷ್ಟೇ ವಾಚ್‌ಮನ್‌ಗೂ ಹೇಳಿ ನಗಿಸಿದೆ. ಗೆದ್ದೆ ಅಂದುಕೊಂಡೆ ಕಣೇ ನಾನು.

ನೀನು ತಟ್ಟಿದ್ದರೂ ಏನೂ ಸಿಗ್ತಿರಲಿಲ್ಲ. ಇದನ್ನ ತಿಳ್ಕೋ.

ಜೊತೆಗಿರೋ ಪುಟ ನೀನು ಕೇಳಿದ ಹೇಳಿಕೆ. ಎರಡು, ಮೂರು, ನಾಲ್ಕು, ಈ ಮೂರೂ ಮಹಡಿ ಬಾಲ್ಕನಿಗೆ ತುಂಬಿದ್ದೀನಿ, ಹಾಗೇ ಬರೆದಿದ್ದೀನಿ. ಒಂದನೇ ಮಹಡಿ ಚೆನ್ನಾಗಿದೆ. ಮಾಲೀಕರು ಹೇಳಿದ ಮಾತೂ ಇದೆ. ನನ್ನ ಮಗಳು ಇಂಚಿಂಚೂ ತಟ್ಟಿದ್ದನ್ನ ನಾನು ಕೆಳಗೆ ನಿಂತು ಕಿವಿಯಾರೆ ಕೇಳಿದೆ ಅಂತಲೂ ಬರೆದಿದ್ದೀನಿ. ವಾಚ್‌ಮನ್ ಸಾಕ್ಷಿ ಹಾಕಿದ್ದಾನೆ. ತಗೊಂಡು ಹೋಗಿ ಕೆಲಸ ಉಳಿಸಿಕೋ. ಆಮೇಲೆ ನನ್ನ ಸುದ್ದಿಗೆ ಬರಬೇಡ.

ಅಪ್ಪ


ಜುಲೈ 9

ಅಪ್ಪ,

ಹೇಳಿಕೆಯನ್ನು ವಾಪಸ್ ಕಳಿಸುತ್ತಿದ್ದೇನೆ. ಆರನೇ ಸಾಲು ಸುಳ್ಳು.

ಬೇರೆ ಸಾಲುಗಳ ನಕಲನ್ನು ನಿನ್ನೆಯೇ ಕಟ್ಟಡ ಇಲಾಖೆಯ ಇಂಜಿನಿಯರ್ ಕೈಗೆ ಕೊಟ್ಟೆ. ಮೂರು ಮತ್ತು ನಾಲ್ಕರ ಬಾಲ್ಕನಿ ಬಾಗಿಲಿಗೆ ಇವತ್ತು ಹಲಗೆ ಹೊಡೆಯುತ್ತಾರೆ. ಅಷ್ಟಾಯಿತು. ಆ ಒಂದು ಪುಟಕ್ಕೆ ನಿನಗೆ ಒಂದು ತಿಂಗಳು ಬೇಕಾಯಿತು, ಆ ಒಂದು ತಿಂಗಳು ಯಾರೂ ಬೀಳದೆ ಇದ್ದದ್ದು ಅವರ ಪುಣ್ಯ, ನಿನ್ನದಲ್ಲ.

ನನ್ನನ್ನು ಗೆಲ್ಲುವುದಕ್ಕೆ ಅಂತ ತುಂಬಿದೆಯಂತೆ. ತುಕ್ಕು ಬೆರಳಿಗೆ ಹತ್ತಿದಾಗಲಾದರೂ, ಇದರ ಮೇಲೆ ಒಬ್ಬರು ನಿಲ್ಲುತ್ತಾರೆ ಅಂತ ಅನ್ನಿಸಲಿಲ್ಲವಾ? ನಾನೊಬ್ಬಳೇ ಕಂಡೆನಾ ನಿನಗೆ? ಆ ನರ್ಸಿಗೂ ನಮ್ಮ ಜಗಳಕ್ಕೂ ಏನು ಸಂಬಂಧ? ಗಂಡ ಸತ್ತ ಮೇಲೆ ಮೊದಲ ಸಲ ಒಬ್ಬಳೇ ಮನೆ ಮಾಡಿದ್ದಳಂತೆ ಅವಳು.

ಆರನೇ ಸಾಲು ಇದ್ದರೆ ನನ್ನ ಕೆಲಸ ಉಳಿಯುತ್ತದೆ ಅಂತ ನನಗೂ ಗೊತ್ತು, ದಡ್ಡಿಯಲ್ಲ. ತಟ್ಟಿದ್ದರೂ ಸಿಗುತ್ತಿರಲಿಲ್ಲ ಅಂತ ನೀನು ಬರೆದದ್ದು ನಿಜವೇ ಇರಬಹುದು. ಆದರೆ ನಾನು ತಟ್ಟಲಿಲ್ಲ. ತಟ್ಟಿದೆ ಅಂತ ಬರೆದೆ. ಅದರ ಮೇಲೆ ನಿನ್ನ ಸುಳ್ಳನ್ನೂ ಮೆತ್ತಿಕೊಂಡು ನಾನು ಇನ್ನೊಬ್ಬರ ಮನೆಯ ಬಿರುಕು ಹುಡುಕಲು ಹೋಗಲಾ?

ಇನ್ನೊಂದು ಹಾಳೆಯಲ್ಲಿ ಬರಿ. “ತಟ್ಟಲಿಲ್ಲ” ಅಂತ ಬರಿ. ಹದಿನೈದರೊಳಗೆ ಬೇಕು. ಬರೆಯದಿದ್ದರೆ ನಾನೇ ಎದ್ದು ನಿಂತು ಹೇಳುತ್ತೇನೆ, ಆಗ ನೀನೂ ವಾಚ್‌ಮನ್ನೂ ಸುಳ್ಳು ಸಾಕ್ಷಿ ಆಗುತ್ತೀರಿ.

ಮಗಳು


ಜುಲೈ 13

ಮೊಂಡಿ,

ನಿನ್ನಂಥ ಮೊಂಡಿಯನ್ನ ನಾನು ನೋಡಿಲ್ಲ. ಕೈಗೆ ಬಂದ ತುತ್ತನ್ನ ಗಿರಗಿರ ತಿರುಗಿಸಿ ಎಸೆಯೋ ಜಾತಿ. ಹೋಗಲಿ ಅಂತ ಒಂದು ಸಾಲು ಜಾಸ್ತಿ ಬರೆದರೆ ಅದಕ್ಕೂ ಕೆಂಪು ಗೆರೆ ಎಳೆದು ವಾಪಸ್ ಕಳಿಸ್ತೀಯ. ನಾನೇನು ನಿನ್ನ ಬಾಡಿಗೆಯವನಾ?

ತಗೋ. ತಟ್ಟಲಿಲ್ಲ ಅಂತಲೇ ಬರೆದಿದ್ದೀನಿ. ಮುಂಚೆ ಬರೆದದ್ದು ಸುಳ್ಳು, ವಾಚ್‌ಮನ್‌ಗೆ ಅದು ಗೊತ್ತಿರಲಿಲ್ಲ, ನಾನು ಹೇಳಿದ್ದಕ್ಕೆ ಸಹಿ ಹಾಕಿದ ಅಂತಲೂ ಬರೆದಿದ್ದೀನಿ. ಅವನು ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ.

ಹಲಗೆ ಹೊಡೆಯೋಕೆ ಬಂದ ದಿನವೇ ಮಾಲೀಕರು ನನ್ನ ಡಬ್ಬ ಏಣಿ ಎಲ್ಲ ರಸ್ತೆಗೆ ಹಾಕಿಸಿದರು. ನಿನ್ನ ಸೋದರತ್ತೆ ಅಂಗಡಿ ಹಿಂದಿನ ಗೋದಾಮಿನಲ್ಲಿ ಇದ್ದೀನಿ. ಮೂಟೆಗಳ ಮಧ್ಯೆ ಒಂದು ಚಾಪೆಗೆ ಜಾಗ ಇದೆ. ಅವಳಂತೂ ಬೆಳಗ್ಗೆ ಎದ್ದರೆ ಅಪ್ಪ ಮಗಳು ಇಬ್ಬರಿಗೂ ಸೇರಿಸಿ ಮಂಗಳಾರತಿ ಎತ್ತುತ್ತಾಳೆ, ಉಗಿದ ಮೇಲೆ ಊಟಕ್ಕೆ ಕರೀತಾಳೆ.

ಕೇಳಿದೆಯಲ್ಲ, ನಾನೊಬ್ಬಳೇ ಕಂಡೆನಾ ಅಂತ. ಹೌದು. ನೀನೊಬ್ಬಳೇ ಕಂಡೆ.

ಅಪ್ಪ


ಜುಲೈ 24

ಅಪ್ಪ,

ನನ್ನನ್ನು ತೆಗೆದರು. ಮೂರು ಜನ ಕೂತಿದ್ದರು. ನಿನ್ನ ಹೇಳಿಕೆ ಓದಿದರು, ಆಮೇಲೆ ನನ್ನನ್ನು ಕೇಳಿದರು, ನಾನು ಹೇಳಿದೆ. ಒಬ್ಬರು ಪಾಪ, ಬಾಗಿಲ ಹತ್ತಿರ ಬಂದು, ತಟ್ಟಲಿಲ್ಲ ಅನ್ನುವುದೊಂದನ್ನು ಅಪ್ಪ ಮಗಳು ಇಬ್ಬರೂ ಹೇಳದೆ ಇದ್ದಿದ್ದರೆ ನಡೆದುಹೋಗುತ್ತಿತ್ತಲ್ಲಮ್ಮ ಅಂದರು. ಸೀಲು, ಬ್ಯಾಟರಿ, ಅಳತೆ ಟೇಪು ಮೇಜಿನ ಮೇಲಿಟ್ಟು ಬಂದೆ. ಮಾಲೀಕನ ಮೇಲೆ ಕೇಸು ಹಾಕಿದ್ದಾರೆ. ನಿನ್ನ ಹೆಸರೂ ಅದರಲ್ಲಿದೆ.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದೆ. ಅವತ್ತು ಸುಳ್ಳು ಹೇಳಿದ್ದೆ, ತಟ್ಟಿರಲಿಲ್ಲ ಅಂತ ಆಕೆಗೆ ಹೇಳಿದೆ. ಯಾಕೆ ತಟ್ಟಲಿಲ್ಲ ಅಂತಲೂ ಹೇಳಿದೆ. ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ಅರ್ಧ ಗಂಟೆ ನಿಂತಿದ್ದೆ. ನೀರು ಬೇಕಾ ಅಂತ ಕೇಳಿದೆ. ಹೋಗಿ ಅಂದಳು. ಬಂದೆ.

ಕ್ಷಮೆ ಕೇಳಿ ಕಾಗದ ಬರೆಯಬೇಡ. ಕೇಳುವುದಿದ್ದರೆ ಅವಳನ್ನು ಕೇಳು. ನಿನ್ನನ್ನು ನೋಡಬೇಕು ಅಂತ ನನಗೆ ಅನ್ನಿಸುತ್ತಿಲ್ಲ, ಮುಂದೆ ಅನ್ನಿಸುತ್ತದೆ ಅಂತಲೂ ಭರವಸೆ ಕೊಡುವುದಿಲ್ಲ. ಅತ್ತೆಗೆ ಹೇಳು, ಗೋದಾಮಿನಲ್ಲಿ ತಣ್ಣನೆ ನೆಲ, ಚಾಪೆಯ ಕೆಳಗೆ ಹಲಗೆ ಹಾಕಲಿ. ಮಂಡಿಗೆ ಒಳ್ಳೆಯದಲ್ಲ.

ಮಗಳು


ಆಗಸ್ಟ್ 6

ಮಗಳೇ,

ಇದನ್ನ ಬಸ್ ಕಂಡಕ್ಟರ್ ಕೈಲಿ ಕೊಟ್ಟು ಕಳಿಸ್ತಿದ್ದೀನಿ, ಸಾಯಂಕಾಲದೊಳಗೆ ನಿನಗೆ ಸಿಗಬೇಕು. ಫೋನಿನಲ್ಲಿ ಇದು ನನ್ನ ಬಾಯಲ್ಲಿ ಬರಲ್ಲ.

ಎಲ್ಲಿಂದ ಎಲ್ಲೀವರೆಗೆ ತುಂಬಿದ್ದೀನಿ ಅಂತ ನನಗೊಬ್ಬನಿಗೇ ಗೊತ್ತು ಅಂತ ಇಂಜಿನಿಯರು ನನ್ನನ್ನೇ ಕರೆಸಿದರು. ಇಷ್ಟು ದಿನ ಮುಚ್ಚಿದವನ ಕೈಗೆ ಉಳಿ ಸುತ್ತಿಗೆ ಕೊಟ್ಟು ಬಿಚ್ಚು ಅಂದರು. ಮೊನ್ನೆ ಮೂರನೇ ಮಹಡಿ ಬಿಚ್ಚಿದೆ. ಎಷ್ಟು ಹೊಡೆದರೂ ಬರಲ್ಲ ಆ ಸಿಮೆಂಟು, ಮಧ್ಯಾಹ್ನ ಆಯ್ತು. ಒಳಗಿನ ಕಂಬಿ ಎರಡು ಬೆರಳಲ್ಲಿ ಮುರಿಯಿತು. ಕೂಸು ಎತ್ತಿಕೊಂಡ ಆ ತಾಯಿ ಬಾಗಿಲಲ್ಲಿ ನಿಂತು ನೋಡ್ತಿದ್ದಳು. ಇಷ್ಟು ಗಟ್ಟಿಯಾಗಿ ಇದನ್ನ ಯಾರು ಮುಚ್ಚಿದ್ದು ಅಂತ ಕೇಳಿದಳು. ನಾನೇ ಅಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಕುಡಿಯೋಕೆ ಅಂತ ಇಟ್ಟಿದ್ದ ನೀರಿನ ಚೊಂಬನ್ನೂ ಒಳಗೆ ತಗೊಂಡಳು.

ನಾಲ್ಕನೆಯದಕ್ಕೆ ಟೈಲರಮ್ಮ ಒಳಗೆ ಬಿಡ್ತಿಲ್ಲ. ಬಾಗಿಲಿಗೆ ಹೊಡೆದಿದ್ದ ಹಲಗೆಯನ್ನ ಅವಳೇ ಕಿತ್ತಿದ್ದಾಳೆ, ಹೊಲಿದ ಬಟ್ಟೆಗೆ ಬಿಸಿಲು ಬೇಕಂತೆ. ಇಂಜಿನಿಯರು ಹೇಳಿದರು, ನಾನು ಹೇಳಿದೆ. ಅವಳು ಹೇಳಿದ್ದು ಇದು: “ನರ್ಸಮ್ಮನ ಬಾಲ್ಕನಿಯನ್ನ ಎಂಟು ತಿಂಗಳು ಗಟ್ಟಿ ಗಟ್ಟಿ ಅಂದಿರಿ, ಈಗ ನನ್ನದು ಬೀಳುತ್ತೆ ಅಂತೀರಿ. ಸಹಿ ಅದಕ್ಕೂ ಇತ್ತು, ಇದಕ್ಕೂ ಇದೆ. ನನ್ನನ್ನ ಈ ಮನೆ ಬಿಡಿಸೋಕೆ ಮಾಲೀಕನೇ ಕಳಿಸಿರಬೇಕು ನಿಮ್ಮನ್ನ.” ಅವಳನ್ನ ಹೇಗೆ ಬಯ್ಯಲಿ? ಅವಳ ಜಾಗದಲ್ಲಿ ನಾನಿದ್ದರೂ ನನ್ನನ್ನ ನಂಬ್ತಿರಲಿಲ್ಲ. ಪೊಲೀಸರನ್ನ ಕರೆಸೋಕೆ ಆರ್ಡರ್ ಬೇಕು, ಅದಕ್ಕೆ ಸೋಮವಾರ ಆಗುತ್ತೆ ಅಂತಾರೆ ಇಂಜಿನಿಯರು.

ನಿನ್ನೆ ಟೈಲರಮ್ಮ ಆಸ್ಪತ್ರೆಗೆ ಹೋಗಿ ಆ ನರ್ಸನ್ನೇ ಕೇಳಿಕೊಂಡು ಬಂದಿದ್ದಾಳೆ, ಯಾರನ್ನ ನಂಬಲಿ ಅಂತ. ನರ್ಸ್ ಹೇಳಿದಳಂತೆ, ಆ ಹುಡುಗಿಯನ್ನ ಕರೆಸು, ತಟ್ಟಲಿಲ್ಲ ಅಂತ ತಾನೇ ಬಂದು ಹೇಳಿದವಳನ್ನ, ಅವಳು ಏನು ಹೇಳ್ತಾಳೋ ಅದನ್ನ ಕೇಳು ಅಂತ. ನನ್ನ ಮಗಳಿಗೀಗ ಆಫೀಸಿಲ್ಲ, ಸೀಲಿಲ್ಲ, ತೆಗೆದುಹಾಕಿದ್ದಾರೆ ಅಂತ ನಾನೇ ಟೈಲರಮ್ಮನಿಗೆ ಹೇಳಿದೆ. ಸೀಲು ಯಾರಿಗೆ ಬೇಕು, ಬಂದು ನೋಡಿ ಬಾಯಲ್ಲಿ ಹೇಳಲಿ, ಆ ಕ್ಷಣ ಬಾಗಿಲು ತೆಗೀತೀನಿ ಅಂದಳು.

ನಿನಗೆ ನನ್ನನ್ನ ನೋಡಬೇಕು ಅಂತ ಅನ್ನಿಸಿಲ್ಲ, ಗೊತ್ತು. ನಾನು ಕೆಳಗೆ ರಸ್ತೆಯಲ್ಲೇ ನಿಂತಿರ್ತೀನಿ, ಮೇಲಕ್ಕೆ ಬರಲ್ಲ, ಮಾತಾಡಿಸಲ್ಲ. ಯಾರನ್ನೂ ಏನನ್ನೂ ಕೇಳಿದವನಲ್ಲ ನಾನು. ನಿನ್ನನ್ನ ಕೇಳ್ತಿದ್ದೀನಿ, ಬಾ. ಅವಳ ಮಗು ಆ ಬಾಲ್ಕನಿಯಲ್ಲಿ ಆಟದ ಸೈಕಲ್ ಓಡಿಸುತ್ತೆ. ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬರೋ ಸದ್ದು ನಾನು ನಿಂತಿರೋ ಕಡೆಗೆ ಕೇಳಿಸ್ತಾ ಇದೆ. ಬೆಳಗ್ಗೆ ಆರೂವರೆಗೆ ಮೊದಲನೇ ಬಸ್ಸಿದೆ.

ಅಪ್ಪ